ಹೊಗೆಸೊಪ್ಪಿನ ಪೊಟ್ಟಣ ಮತ್ತು ಅದರ ಅಧಿಕಾರಿ: ಬೆಂಗಳೂರು ಹೊರವಲಯದ ಹಿನ್ನೆಲೆಯಲ್ಲಿ ಒಂದು ಚಾರಿತ್ರಿಕ ಅವಲೋಕನ

ಕರ್ನಾಟಕದ ಆಡಳಿತ ಚರಿತ್ರೆಯನ್ನು ಬರೆದ ವಿದ್ವಾಂಸರು ಅಮಲ್ದಾರ, ಶಾನುಭೋಗ, ಪಟೇಲ ಮೊದಲಾದ ಅಧಿಕಾರಸ್ಥಾನಗಳನ್ನು ಕುರಿತು ವಿಪುಲವಾಗಿ ಚರ್ಚಿಸಿದ್ದಾರೆ. ಇಪ್ಪತ್ತನೆಯ ಶತಮಾನದಲ್ಲಿ ಈ ಸ್ಥಾನಗಳ ಪಕ್ಕದಲ್ಲಿಯೇ ಬೆಳೆದುಬಂದ ಮತ್ತೊಂದು ವರ್ಗವಿದೆ. ಅದು ಇನ್‌ಸ್ಪೆಕ್ಟರುಗಳ ವರ್ಗ. ತೂಕ ಮತ್ತು ಅಳತೆ, ಆಹಾರ ಕಲಬೆರಕೆ, ಕಾರ್ಖಾನೆ, ಕಾರ್ಮಿಕ, ಕೇಂದ್ರ ಅಬಕಾರಿ ಹೀಗೆ ಒಂದೊಂದು ಶಾಸನವೂ ತನ್ನದೇ ಆದ ಇನ್‌ಸ್ಪೆಕ್ಟರನನ್ನು ಸೃಷ್ಟಿಸಿತು. ಶಾಸನಗಳ ಚರಿತ್ರೆ ಬರೆಯುವಾಗ ಅವು ಅಂಗೀಕಾರವಾದ ದಿನಾಂಕವನ್ನು ನಮೂದಿಸಿ ಮುಂದೆ ಸಾಗುವುದು ರೂಢಿ. ಆದರೆ ಶಾಸನವೊಂದು ಬೀದಿಗೆ ಬಂದು ಅಂಗಡಿಯ ಮುಂದೆ ನಿಲ್ಲುವುದು ಅಧಿಕಾರಿಯೊಬ್ಬನ ಕಾಲಿನ ಮೇಲೆ. ಆ ಅಧಿಕಾರಿ ಯಾರು, ಯಾವ ದರ್ಜೆಯವನು, ಅವನಿಗೆ ಬೇರೆ ಏನೇನು ಕೆಲಸಗಳಿವೆ ಎಂಬ ಪ್ರಶ್ನೆಗಳು ಸಾಮಾನ್ಯವಾಗಿ ಅಧಿಸೂಚನೆಗಳ ಅನುಬಂಧಗಳಲ್ಲಿ ಹುದುಗಿಹೋಗುತ್ತವೆ. ತಂಬಾಕು ಉತ್ಪನ್ನಗಳ ಪೊಟ್ಟಣದ ಮೇಲೆ ಎಚ್ಚರಿಕೆ ಮುದ್ರಿಸಬೇಕೆಂಬ ಕಾನೂನನ್ನು ಜಾರಿಗೊಳಿಸಲು ಅಧಿಕಾರಿಗಳನ್ನು ನಿಯೋಜಿಸಿದ ಬಗೆಯನ್ನು, ಪೀಣ್ಯ, ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿ ಪ್ರದೇಶಗಳನ್ನು ಮುಖ್ಯವಾಗಿ ದೃಷ್ಟಿಯಲ್ಲಿರಿಸಿಕೊಂಡು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಹೊಗೆಸೊಪ್ಪಿನ ಹಿಂದೆ ಸರ್ಕಾರದ ಮನುಷ್ಯ ಬಂದುದು ಇತ್ತೀಚಿನ ಸಂಗತಿಯಲ್ಲ. ಮೈಸೂರು, ಕೆನರಾ ಮತ್ತು ಮಲಬಾರ್ ಪ್ರಾಂತಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಕಥನದಲ್ಲಿ ಈ ಬೆಳೆಯ ಬೇಸಾಯವನ್ನು ದಾಖಲಿಸಿದ್ದಾನೆ. ಕೆನರಾ ಜಿಲ್ಲೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಉಪ್ಪು ಮತ್ತು ಹೊಗೆಸೊಪ್ಪಿನ ವ್ಯಾಪಾರವನ್ನು ತನ್ನ ಏಕಸ್ವಾಮ್ಯಕ್ಕೆ ತೆಗೆದುಕೊಂಡಿತು. 1830-31ರಲ್ಲಿ ಅಲ್ಲಿನ ರೈತರು ಕೂಟಗಳನ್ನು ಸೇರಿಸಿ ಕಂದಾಯ ನಿರಾಕರಿಸಿದಾಗ ಅವರ ಕುಂದುಕೊರತೆಗಳಲ್ಲಿ ಈ ಏಕಸ್ವಾಮ್ಯವೂ ಒಂದಾಗಿತ್ತು. ಎಲೆ ಅಡಿಕೆಯೊಡನೆ ಅಗಿಯುವ ಒಂದು ತುಂಡು ಸೊಪ್ಪು ರಾಜ್ಯಾಧಿಕಾರದ ಲೆಕ್ಕಪುಸ್ತಕದೊಳಗೆ ಹೀಗೆ ಬಹು ಹಿಂದೆಯೇ ಪ್ರವೇಶಿಸಿತ್ತು. ಆಗ ಸರ್ಕಾರದ ಕಣ್ಣಿದ್ದುದು ಆದಾಯದ ಮೇಲೆ. ಬಳಸುವವನ ಬಾಯಿ, ಗಂಟಲು, ಶ್ವಾಸಕೋಶಗಳ ಮಾತು ಯಾರ ಮನಸ್ಸಿನಲ್ಲಿಯೂ ಇರಲಿಲ್ಲ.

ಎರಡನೆಯ ಮಹಾಯುದ್ಧದ ಕಾಲದಲ್ಲಿ, 1943ರಲ್ಲಿ, ಬ್ರಿಟಿಷ್ ಭಾರತ ಸರ್ಕಾರವು ತಂಬಾಕಿನ ಮೇಲೆ ಉತ್ಪಾದನಾ ಸುಂಕವನ್ನು ವಿಧಿಸಿತು. ಮರುವರ್ಷದ ಕೇಂದ್ರ ಅಬಕಾರಿ ಮತ್ತು ಉಪ್ಪಿನ ಶಾಸನ ಅದಕ್ಕೆ ಸ್ಥಿರರೂಪ ನೀಡಿತು. ಮೈಸೂರು ಸಂಸ್ಥಾನದ ಹಣಕಾಸು ವ್ಯವಸ್ಥೆಯು 1950ರ ಏಪ್ರಿಲ್ 1ರಂದು ಕೇಂದ್ರದೊಡನೆ ಏಕೀಕರಣಗೊಂಡ ಬಳಿಕ ಇಲ್ಲಿಯೂ ಕೇಂದ್ರ ಅಬಕಾರಿಯ ಸಿಬ್ಬಂದಿ ನೇರವಾಗಿ ಕಾರ್ಯಪ್ರವೃತ್ತರಾದರು. ಸಂಸ್ಕರಿಸದ ತಂಬಾಕಿನ ಮೇಲಿನ ಸುಂಕ 1979ರಲ್ಲಿ ರದ್ದಾಗುವವರೆಗೆ ಬೆಳೆಗಾರನ ಉಗ್ರಾಣ, ವ್ಯಾಪಾರಿಯ ಗೋದಾಮು ಎರಡೂ ಇನ್‌ಸ್ಪೆಕ್ಟರನ ಪರಿಶೀಲನೆಗೆ ಒಳಪಟ್ಟಿದ್ದವು. ಇಲ್ಲಿ ಒಂದು ಗೊಂದಲವನ್ನು ನಿವಾರಿಸುವುದು ಅಗತ್ಯ. ಜನಸಾಮಾನ್ಯರು ‘ಅಬಕಾರಿಯವರು’ ಎನ್ನುವುದು ಮದ್ಯದ ಉಸ್ತುವಾರಿ ನೋಡುವ ರಾಜ್ಯ ಇಲಾಖೆಯವರನ್ನು. ತಂಬಾಕಿನ ಸುಂಕವು ಕೇಂದ್ರದ್ದು, ಅಧಿಕಾರಿಯೂ ಕೇಂದ್ರದವನು.

ಬೆಂಗಳೂರಿಗೂ ಕಾರ್ಖಾನೆಯಲ್ಲಿ ತಯಾರಾದ ಸಿಗರೇಟಿಗೂ ಇರುವ ನಂಟು ಒಂದು ಶತಮಾನಕ್ಕಿಂತ ಹಳೆಯದು. ಮುಂದೆ ಐ.ಟಿ.ಸಿ. ಎಂದು ಹೆಸರಾದ ಸಂಸ್ಥೆಯ ಸಿಗರೇಟು ಕಾರ್ಖಾನೆ ನಗರದ ದಂಡು ಪ್ರದೇಶದ ಅಂಚಿನಲ್ಲಿ 1910ರ ದಶಕದಲ್ಲಿ ಆರಂಭವಾಯಿತು. ಪೀಣ್ಯದ ಹೆಸರೇ ಕೈಗಾರಿಕಾ ನಕ್ಷೆಯಲ್ಲಿ ಇಲ್ಲದಿದ್ದ ಕಾಲವದು. ನಂತರದ ದಶಕಗಳಲ್ಲಿ ಆ ಸಂಸ್ಥೆಯ ಉತ್ಪಾದನಾ ಘಟಕವು ಬೆಂಗಳೂರು ಉತ್ತರ ತಾಲ್ಲೂಕು ಜಾಲ ಹೋಬಳಿಯ ಮೀನಕುಂಟೆಯಲ್ಲಿ ಸ್ಥಾಪಿತವಾಗಿ, ಸಿಗರೇಟು ತಯಾರಿಕೆಯೂ ಹೊರವಲಯದ ಕೈಗಾರಿಕೆಗಳ ಸಾಲಿಗೆ ಸೇರಿತು. ಇತರ ಸರಕುಗಳಿಗೆ 1960ರ ದಶಕದ ಕೊನೆಯಲ್ಲಿ, ತಯಾರಕನು ತಾನೇ ಸುಂಕವನ್ನು ಲೆಕ್ಕಹಾಕಿ ಸರಕನ್ನು ಹೊರಸಾಗಿಸುವ ಪದ್ಧತಿ ಬಂದಿತು. ಸಿಗರೇಟು ಮಾತ್ರ ಭೌತಿಕ ನಿಯಂತ್ರಣದಲ್ಲಿಯೇ ಉಳಿಯಿತು. ಅರ್ಥಾತ್, ಸುಂಕದ ಅಧಿಕಾರಿಯ ನೇರ ನಿಗಾ ಇಲ್ಲದೆ ಸರಕು ಕಾರ್ಖಾನೆಯ ಬಾಗಿಲು ದಾಟುವಂತಿರಲಿಲ್ಲ. ಪೊಟ್ಟಣದ ಸಂಖ್ಯೆಯ ಬಗ್ಗೆ ಸರ್ಕಾರ ತೋರಿದ ಈ ಎಚ್ಚರವನ್ನು ಅದರ ಮೇಲಿನ ಬರಹದ ಬಗ್ಗೆ ತೋರಿದ ಎಚ್ಚರದೊಡನೆ ಹೋಲಿಸಿ ನೋಡಬೇಕು.

ಪೊಟ್ಟಣದ ಮೇಲೆ ಬರಹ ಕಾಣಿಸಿಕೊಂಡುದು 1975ರ ಸಿಗರೇಟು ಶಾಸನದಿಂದ. 1976ರ ಏಪ್ರಿಲ್ 1ರಿಂದ ಜಾರಿಗೆ ಬಂದ ಈ ಶಾಸನವು ಸಿಗರೇಟು ಸೇದುವುದು ಆರೋಗ್ಯಕ್ಕೆ ಹಾನಿಕರ ಎಂಬ ಒಂದು ಸಾಲನ್ನು ಕಡ್ಡಾಯಗೊಳಿಸಿತು. ಅಮೆರಿಕದಲ್ಲಿ ಇಂತಹ ಸಾಲು 1966ರಲ್ಲಿಯೇ ಬಂದಿತ್ತು. ನಮ್ಮ ಶಾಸನದ ದೊಡ್ಡ ಕೊರತೆ ಅದರ ಹೆಸರಿನಲ್ಲಿಯೇ ಇದೆ. ಬೀಡಿ, ಕಡ್ಡಿಪುಡಿ, ನಶ್ಯ, ಜರ್ದಾ ಯಾವುದೂ ಅದರ ವ್ಯಾಪ್ತಿಗೆ ಸೇರಿರಲಿಲ್ಲ. ಕರ್ನಾಟಕದ ದುಡಿಯುವ ಜನರು ಬಳಸುತ್ತಿದ್ದುದು ಹೆಚ್ಚಾಗಿ ಇವನ್ನೇ. ಮಂಗಳೂರಿನ ಬೀಡಿ ಉದ್ಯಮ, ನಿಪ್ಪಾಣಿಯ ಬೀಡಿ ತಂಬಾಕು, ಹಳೆಯ ಮೈಸೂರಿನ ಹಳ್ಳಿಗಳ ಕಡ್ಡಿಪುಡಿ ಎಲ್ಲವೂ ಎಚ್ಚರಿಕೆಯ ಸಾಲಿಲ್ಲದೆಯೇ ಮಾರಾಟವಾಗುತ್ತಿದ್ದವು. ಅಗಿಯುವ ತಂಬಾಕಿನ ಪೊಟ್ಟಣಕ್ಕೆ ಎಚ್ಚರಿಕೆಯ ಬರಹ ಬಂದುದು 1990ರಲ್ಲಿ, ಅದೂ ಆಹಾರ ಕಲಬೆರಕೆ ತಡೆ ನಿಯಮಗಳ ತಿದ್ದುಪಡಿಯ ಮೂಲಕ. ಇದರಿಂದ ಒಂದು ವಿಚಿತ್ರ ಹಂಚಿಕೆ ಏರ್ಪಟ್ಟಿತು. ಒಂದೇ ಪೆಟ್ಟಿಗೆ ಅಂಗಡಿಯ ಸಿಗರೇಟಿಗೆ ಒಂದು ಶಾಸನ, ಜರ್ದಾಕ್ಕೆ ಆಹಾರ ಇನ್‌ಸ್ಪೆಕ್ಟರ್, ಎರಡರ ಬೆಲೆ ಮತ್ತು ನಿವ್ವಳ ತೂಕದ ಮುದ್ರಣಕ್ಕೆ 1977ರ ಪೊಟ್ಟಣ ಸರಕು ನಿಯಮಗಳಡಿ ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರ್, ಬೀಡಿ ಕಟ್ಟುವವರ ಕೂಲಿಗೆ 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಶಾಸನದಡಿ ಕಾರ್ಮಿಕ ಇನ್‌ಸ್ಪೆಕ್ಟರ್. ಮೂರು ಅಡಿ ಅಗಲದ ಅಂಗಡಿಗೆ ಇಷ್ಟು ಮಂದಿ!

ಇದೇ ಅವಧಿಯಲ್ಲಿ ಬೆಂಗಳೂರಿನ ಹೊರವಲಯ ರೂಪಾಂತರಗೊಳ್ಳುತ್ತಿದ್ದಿತು. ತುಮಕೂರು ರಸ್ತೆಯ ಪೀಣ್ಯದಲ್ಲಿ 1970ರ ದಶಕದಿಂದ ಸಣ್ಣ ಕೈಗಾರಿಕೆಗಳ ಶೆಡ್ಡುಗಳು ಎದ್ದವು; ಯಂತ್ರದ ಬಿಡಿಭಾಗ, ಲೇಪನ, ಅನಂತರ ಸಿದ್ಧ ಉಡುಪು. ಹೊಸೂರು ರಸ್ತೆಯಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ ಜಮೀನಿನಲ್ಲಿ ಆರ್. ಕೆ. ಬಾಳಿಗರ ಕಲ್ಪನೆಯಂತೆ ಕಿಯೋನಿಕ್ಸ್ ಸಂಸ್ಥೆಯು ಎಲೆಕ್ಟ್ರಾನಿಕ್ ಸಿಟಿಯನ್ನು ಸ್ಥಾಪಿಸಿತು. 1882ರಲ್ಲಿ ಆಂಗ್ಲೋ-ಇಂಡಿಯನ್ ಸಮುದಾಯದ ವಸತಿಗೆಂದು ಮೈಸೂರು ಅರಸರು ನೀಡಿದ ಭೂಮಿಯಲ್ಲಿ ಹುಟ್ಟಿದ ವೈಟ್‌ಫೀಲ್ಡ್, 1990ರ ದಶಕದ ಕೊನೆಯಲ್ಲಿ ಅಂತರರಾಷ್ಟ್ರೀಯ ತಂತ್ರಜ್ಞಾನ ಪಾರ್ಕ್ ತೆರೆದ ಮೇಲೆ ಬೇರೆಯೇ ಊರಾಯಿತು. ಮೂರೂ ಕಡೆ ಪಾಳಿಯ ದುಡಿಮೆ, ದೂರದಿಂದ ಬಂದ ಯುವಕರು, ಗೇಟಿನ ಹೊರಗೆ ಚಹಾ. ಪೀಣ್ಯದ ಗೇಟಿನ ಹೊರಗೆ ಬೀಡಿ ಮತ್ತು ಗುಟ್ಕಾ, ವೈಟ್‌ಫೀಲ್ಡಿನ ಗೇಟಿನ ಹೊರಗೆ ಸಿಗರೇಟು ಎಂಬುದು ಸ್ಥೂಲವಾದ ವ್ಯತ್ಯಾಸ. ಆದರೂ ವೈಟ್‌ಫೀಲ್ಡಿನಲ್ಲಿ ಗಾಜಿನ ಕಟ್ಟಡಗಳನ್ನು ಕಟ್ಟಿದ ಮತ್ತು ಕಾಯುವ ಕೂಲಿಕಾರರ, ಕಾವಲುಗಾರರ ಜೇಬಿನಲ್ಲಿ ಪೀಣ್ಯದ ಪೊಟ್ಟಣವೇ ಇರುತ್ತಿದ್ದಿತು.

ತಂಬಾಕಿನ ವೈದ್ಯಕೀಯ ಪರಿಣಾಮ ಈ ಹೊತ್ತಿಗೆ ನಿರ್ವಿವಾದವಾಗಿತ್ತು. 1973ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಲ್ಲಿ 1980ರ ದಶಕದ ಆದಿಯಿಂದ ಬೆಂಗಳೂರಿನ ಜನಸಂಖ್ಯಾಧಾರಿತ ಕ್ಯಾನ್ಸರ್ ನೋಂದಣಿ ನಡೆಯತೊಡಗಿತು. ತಂಬಾಕು ಬೆರೆಸಿದ ಎಲೆ ಅಡಿಕೆ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1985ರಲ್ಲಿ ನಿರ್ಣಯಿಸಿತು. 2001ರ ನವೆಂಬರ್‌ನಲ್ಲಿ ಮುರಳಿ ದೇವರಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನು ನಿಷೇಧಿಸಿತು. 2003ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ ‘ಸಿಗರೇಟು ಮತ್ತು ಇತರ ತಂಬಾಕು ಉತ್ಪನ್ನಗಳ ಶಾಸನ’ವು 1975ರ ಶಾಸನವನ್ನು ರದ್ದುಪಡಿಸಿ, ಬೀಡಿಯಿಂದ ನಶ್ಯದವರೆಗೆ ಎಲ್ಲವನ್ನೂ ಒಂದೇ ಚೌಕಟ್ಟಿಗೆ ತಂದಿತು. ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದವನ್ನು ಭಾರತ 2004ರ ಫೆಬ್ರವರಿಯಲ್ಲಿ ಸ್ಥಿರೀಕರಿಸಿತು.

ನಮ್ಮ ವಿಷಯಕ್ಕೆ ಈ ಶಾಸನದ ಕೆಲವೇ ಪ್ರಕರಣಗಳು ಮುಖ್ಯ. 7ನೆಯ ಪ್ರಕರಣವು ನಿಗದಿತ ಎಚ್ಚರಿಕೆಯಿಲ್ಲದ ಪೊಟ್ಟಣವನ್ನು ತಯಾರಿಸುವುದನ್ನು, ಆಮದು ಮಾಡುವುದನ್ನು, ಮಾರುವುದನ್ನು ನಿಷೇಧಿಸುತ್ತದೆ. 12 ಮತ್ತು 13ನೆಯ ಪ್ರಕರಣಗಳು ಪ್ರವೇಶ, ಶೋಧನೆ ಮತ್ತು ಜಪ್ತಿಯ ಅಧಿಕಾರವನ್ನು ಕೊಡುತ್ತವೆ. ಆ ಅಧಿಕಾರ ಯಾರಿಗೆ ಎಂಬುದನ್ನು ಶಾಸನವು ಮೂರು ವರ್ಗಗಳಲ್ಲಿ ಹೇಳುತ್ತದೆ: ಸಬ್‌ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಪೊಲೀಸ್ ಅಧಿಕಾರಿ, ರಾಜ್ಯದ ಆಹಾರ ಅಥವಾ ಔಷಧ ಆಡಳಿತದ ಅಧಿಕಾರಿ, ಮತ್ತು ಕೇಂದ್ರ ಅಥವಾ ರಾಜ್ಯ ಸರ್ಕಾರದಿಂದ ಅಧಿಕೃತನಾದ, ಸಬ್‌ಇನ್‌ಸ್ಪೆಕ್ಟರಿಗೆ ಸಮಾನ ದರ್ಜೆಯ ಬೇರೊಬ್ಬ ಅಧಿಕಾರಿ. ತಂಬಾಕಿಗೆಂದೇ ಒಬ್ಬ ಇನ್‌ಸ್ಪೆಕ್ಟರನನ್ನು ಈ ಶಾಸನ ಸೃಷ್ಟಿಸಲಿಲ್ಲ. ಹಳೆಯ ಶಾಸನಗಳಿಗೂ ಇದಕ್ಕೂ ಇರುವ ಮುಖ್ಯ ಅಂತರವೇ ಇದು. ಹೊಸ ಹುದ್ದೆ ಬೇಡ, ಇರುವ ಹುದ್ದೆಗಳಿಗೆ ಹೊಸ ಕರ್ತವ್ಯ ಸಾಕು ಎಂಬ ಧೋರಣೆ ಬೊಕ್ಕಸಕ್ಕೆ ಹಿತಕರವಾದುದು. ಆದರೆ ಹಲವರ ಕೆಲಸವಾದುದು ಯಾರ ಕೆಲಸವೂ ಆಗದಿರುವ ಅಪಾಯ ಅದರಲ್ಲಿ ಅಡಗಿತ್ತು. ಠಾಣೆಯ ಸಬ್‌ಇನ್‌ಸ್ಪೆಕ್ಟರನಿಗೆ ಕಳವು, ಹೊಡೆದಾಟ, ಬಂದೋಬಸ್ತುಗಳ ನಡುವೆ ಬೀಡಿ ಕಟ್ಟಿನ ಮೇಲಿನ ಚಿತ್ರವನ್ನು ಅಳೆಯುವ ಕೆಲಸ ಎಷ್ಟನೆಯ ಸ್ಥಾನದಲ್ಲಿ ಬರುತ್ತದೆಂದು ಊಹಿಸುವುದು ಕಷ್ಟವಲ್ಲ.

ಅಳೆಯಬೇಕಾದ ಚಿತ್ರವಾದರೂ ಬೇಗನೆ ಬರಲಿಲ್ಲ. ಪೊಟ್ಟಣ ನಿಯಮಗಳು 2006ರ ಜುಲೈಯಲ್ಲಿ ಪ್ರಕಟವಾದವು. ಉದ್ಯಮದ ಮತ್ತು ಬೀಡಿ ಕಾರ್ಮಿಕರ ಜೀವನೋಪಾಯದ ಪ್ರಶ್ನೆ ಎದ್ದು ಸಚಿವರ ಸಮಿತಿ ರಚನೆಯಾಯಿತು. ತಲೆಬುರುಡೆಯ ಚಿಹ್ನೆಯನ್ನು ಕಡ್ಡಾಯದ ಪಟ್ಟಿಯಿಂದ ತೆಗೆಯಲು 2007ರಲ್ಲಿ ಶಾಸನಕ್ಕೇ ತಿದ್ದುಪಡಿ ತರಲಾಯಿತು. 2008ರ ಮಾರ್ಚ್‌ನಲ್ಲಿ ಹೊಸ ನಿಯಮಗಳು ಬಂದವು. ಕೊನೆಗೆ 2009ರ ಮೇ 31ರಂದು ಪೊಟ್ಟಣದ ಮುಂಭಾಗದ 40 ಪ್ರತಿಶತ ಜಾಗದಲ್ಲಿ ಸಚಿತ್ರ ಎಚ್ಚರಿಕೆ ಕಾಣಿಸಿಕೊಂಡಿತು. ಸೇದುವ ಉತ್ಪನ್ನಗಳಿಗೆ ಶ್ವಾಸಕೋಶ, ಅಗಿಯುವ ಉತ್ಪನ್ನಗಳಿಗೆ ಚೇಳು. ಚೇಳಿಗೂ ಬಾಯಿಯ ಕ್ಯಾನ್ಸರಿಗೂ ಏನು ಸಂಬಂಧ ಎಂದು ಓದು ಬಾರದ ಗಿರಾಕಿ ಕೇಳಿದರೆ ಉತ್ತರಿಸುವುದು ಯಾರಿಗೂ ಸುಲಭವಿರಲಿಲ್ಲ. ಕೆನಡಾ ದೇಶವು 2001ರ ಸುಮಾರಿಗೇ ರೋಗಗ್ರಸ್ತ ಅಂಗಗಳ ಚಿತ್ರಗಳನ್ನು ಮುದ್ರಿಸಿದ್ದಿತು. ಇಲ್ಲಿ ಅಂತಹ ಚಿತ್ರಗಳು 2011ರ ಡಿಸೆಂಬರ್‌ನ ನಂತರವೇ ಬಂದವು.

ಅಧಿಕಾರಿಗಳ ವ್ಯವಸ್ಥೆ ಕರ್ನಾಟಕದಲ್ಲಿ ರೂಪುಗೊಂಡುದು ಈ ವರ್ಷಗಳಲ್ಲಿಯೇ. 2007-08ರಲ್ಲಿ ರಾಷ್ಟ್ರೀಯ ತಂಬಾಕು ನಿಯಂತ್ರಣ ಕಾರ್ಯಕ್ರಮವು ಒಂಬತ್ತು ರಾಜ್ಯಗಳ 18 ಜಿಲ್ಲೆಗಳಲ್ಲಿ ಪ್ರಾಯೋಗಿಕವಾಗಿ ಆರಂಭವಾದಾಗ ಕರ್ನಾಟಕದಿಂದ ಆಯ್ಕೆಯಾದುವು ಬೆಂಗಳೂರು ಮತ್ತು ಗುಲಬರ್ಗಾ. ಆರೋಗ್ಯ ಇಲಾಖೆಯಲ್ಲಿ ರಾಜ್ಯ ತಂಬಾಕು ನಿಯಂತ್ರಣ ಕೋಶ, ಜಿಲ್ಲೆಯಲ್ಲಿ ಜಿಲ್ಲಾ ಕೋಶ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸಮನ್ವಯ ಸಮಿತಿ, ತಾಲ್ಲೂಕಿನಲ್ಲಿ ತನಿಖಾ ದಳ ಎಂಬ ಶ್ರೇಣಿ ಏರ್ಪಟ್ಟಿತು. ಜಿಲ್ಲಾ ಕೋಶದ ಸಲಹೆಗಾರ, ಸಮಾಜ ಕಾರ್ಯಕರ್ತ, ಆಪ್ತಸಮಾಲೋಚಕ ಇವರೆಲ್ಲ ಗುತ್ತಿಗೆಯ ಮೇಲೆ ನೇಮಕವಾದವರು. ಶಾಸನದ ಪ್ರಕರಣಗಳನ್ನು ಕಂಠಪಾಠವಾಗಿ ಬಲ್ಲವರು ಇವರು. ಆದರೆ ಸಬ್‌ಇನ್‌ಸ್ಪೆಕ್ಟರಿಗೆ ಸಮಾನವಾದ ಅಧಿಕೃತ ದರ್ಜೆ ಇವರಿಗಿಲ್ಲದ ಕಾರಣ ಒಂದು ಪೊಟ್ಟಣವನ್ನೂ ತಾವಾಗಿ ಜಪ್ತಿ ಮಾಡುವಂತಿರಲಿಲ್ಲ. ಬಲ್ಲವನಿಗೆ ಅಧಿಕಾರವಿಲ್ಲ, ಅಧಿಕಾರವುಳ್ಳವನಿಗೆ ಪುರುಸೊತ್ತಿಲ್ಲ. ದಳದ ದಾಳಿ ಎಂದರೆ ಈ ಇಬ್ಬರನ್ನೂ ಒಂದೇ ಜೀಪಿನಲ್ಲಿ ಕೂರಿಸುವ ಪ್ರಯತ್ನ. ಪೊಲೀಸ್, ಆರೋಗ್ಯ, ಶಿಕ್ಷಣ, ಸ್ಥಳೀಯ ಸಂಸ್ಥೆ ಇವುಗಳ ಪ್ರತಿನಿಧಿಗಳು ಒಟ್ಟುಗೂಡುವ ದಿನವನ್ನು ಹೊಂದಿಸುವುದರಲ್ಲಿಯೇ ಸಲಹೆಗಾರನ ಬಹುಪಾಲು ಶ್ರಮ ವ್ಯಯವಾಗುತ್ತದೆ.

2008ರ ಅಕ್ಟೋಬರ್ 2ರಿಂದ ಜಾರಿಯಾದ ಧೂಮಪಾನ ನಿಷೇಧ ನಿಯಮಗಳನ್ನು ಇದರೊಡನೆ ಹೋಲಿಸಿದರೆ ಒಂದು ಸ್ವಾರಸ್ಯಕರ ಸಂಗತಿ ಗೋಚರಿಸುತ್ತದೆ. ಆ ನಿಯಮಗಳ ಅನುಸೂಚಿಯಲ್ಲಿ ದಂಡ ವಿಧಿಸಬಲ್ಲವರ ಪಟ್ಟಿ ಬಹಳ ವಿಶಾಲವಾದುದು. ಗೆಜೆಟೆಡ್ ಅಧಿಕಾರಿಗಳು, ಶಾಲೆಯ ಮುಖ್ಯೋಪಾಧ್ಯಾಯರು, ಖಾಸಗಿ ಕಚೇರಿಗಳ ಆಡಳಿತ ಮುಖ್ಯಸ್ಥರು, ಮಾನವ ಸಂಪನ್ಮೂಲ ವ್ಯವಸ್ಥಾಪಕರು ಸಹ ಅದರಲ್ಲಿದ್ದಾರೆ. ಇದರಂತೆ ವೈಟ್‌ಫೀಲ್ಡಿನ ತಂತ್ರಾಂಶ ಸಂಸ್ಥೆಯ ಮಾನವ ಸಂಪನ್ಮೂಲ ವ್ಯವಸ್ಥಾಪಕನು ತನ್ನ ಕಚೇರಿಯೊಳಗೆ ಭಾರತ ಸರ್ಕಾರದ ಪರವಾಗಿ ಆಗ 200 ರೂಪಾಯಿ ದಂಡ ವಸೂಲು ಮಾಡಬಲ್ಲ ಅಧಿಕಾರಿಯಾಗಿದ್ದನು. ಗೇಟು ದಾಟಿ ಹತ್ತು ಹೆಜ್ಜೆ ನಡೆದರೆ ಚಹಾದ ಅಂಗಡಿಯಲ್ಲಿ ಎಚ್ಚರಿಕೆಯೇ ಇಲ್ಲದ ವಿದೇಶಿ ಸಿಗರೇಟಿನ ಪೊಟ್ಟಣ ಕಂಡರೆ ಅವನು ಕೇವಲ ಗಿರಾಕಿ. ಕಾನೂನು ಪಾಲಿಸುವ ಪ್ರಾಂಗಣಗಳು ತಮ್ಮ ಧೂಮಪಾನಿಗಳನ್ನು ಹೊರಕ್ಕೆ ಕಳುಹಿಸಿದುವು. ಅವರನ್ನು ನಂಬಿಕೊಂಡು ಗೇಟಿನ ಹೊರಗೆ ಸೈಕಲ್ಲಿನ ಮೇಲೆ ಚಹಾ ಮತ್ತು ಸಿಗರೇಟು ಮಾರುವವರ ಸಾಲು ಬೆಳೆಯಿತು. ಒಂದು ಪ್ರಕರಣದ ಯಶಸ್ಸು ಮತ್ತೊಂದು ಪ್ರಕರಣದ ಉಲ್ಲಂಘನೆಗೆ ನೆಲೆಯೊದಗಿಸಿದ ನಿದರ್ಶನವಿದು.

ಅಧಿಕಾರಿಗಳು ಒಂದು ಬಗೆಯ ಅಪರಾಧವನ್ನು ಹಿಡಿದು ಇನ್ನೊಂದನ್ನು ಬಿಡುವುದಕ್ಕೆ ಕಾರಣವನ್ನು ಅವರ ಉದಾಸೀನದಲ್ಲಿ ಮಾತ್ರ ಹುಡುಕುವುದು ಸರಿಯಲ್ಲ. ಶಾಸನದ ರಚನೆಯಲ್ಲಿಯೇ ಅದು ಇದೆ. ಸಾರ್ವಜನಿಕ ಸ್ಥಳದ ಧೂಮಪಾನ ಮತ್ತು ಅಪ್ರಾಪ್ತರಿಗೆ ಹಾಗೂ ಶಾಲೆಯ ಸಮೀಪದ ಮಾರಾಟ, ಎಂದರೆ 4 ಮತ್ತು 6ನೆಯ ಪ್ರಕರಣಗಳ ಅಪರಾಧಗಳನ್ನು 28ನೆಯ ಪ್ರಕರಣದಂತೆ ಸ್ಥಳದಲ್ಲಿಯೇ ರಾಜಿ ಮಾಡಿ ದಂಡ ಪಡೆಯಬಹುದು. ರಸೀದಿ ಪುಸ್ತಕವೊಂದು ಸಾಕು. ಪೊಟ್ಟಣದ ಅಪರಾಧಕ್ಕೆ ಈ ಸೌಕರ್ಯವಿಲ್ಲ. ಪಂಚರನ್ನು ಕರೆಯಬೇಕು, ಮಹಜರು ಬರೆಯಬೇಕು, ಸರಕನ್ನು ಜೋಪಾನ ಮಾಡಬೇಕು. ಜಿಲ್ಲಾ ನ್ಯಾಯಾಧೀಶರ ಅನುಮತಿಯಿಲ್ಲದೆ 90 ದಿನಗಳಿಗಿಂತ ಹೆಚ್ಚು ಕಾಲ ಜಪ್ತಿಯ ಮಾಲನ್ನು ಇರಿಸಿಕೊಳ್ಳುವಂತಿಲ್ಲ. ಮುಟ್ಟುಗೋಲಿನ ನಿರ್ಣಯ ಸಿವಿಲ್ ನ್ಯಾಯಾಲಯದ್ದು, ಶಿಕ್ಷೆಯ ವಿಚಾರಣೆ ದಂಡಾಧಿಕಾರಿಯ ನ್ಯಾಯಾಲಯದ್ದು. ಇಷ್ಟೆಲ್ಲ ಆದ ಮೇಲೆ ತಯಾರಕನ ಮೊದಲ ಅಪರಾಧಕ್ಕೆ ಗರಿಷ್ಠ ದಂಡ 5,000 ರೂಪಾಯಿ ಅಥವಾ ಎರಡು ವರ್ಷದವರೆಗಿನ ಸೆರೆಮನೆವಾಸ. ಮಾರಾಟಗಾರನಿಗೆ 1,000 ರೂಪಾಯಿ ಅಥವಾ ಒಂದು ವರ್ಷದವರೆಗಿನ ಸೆರೆಮನೆವಾಸ. ತಿಂಗಳ ಕೊನೆಯಲ್ಲಿ ಅಂಕಿಅಂಶ ಒಪ್ಪಿಸಬೇಕಾದ ಅಧಿಕಾರಿಯು ರಸೀದಿ ಪುಸ್ತಕದ ದಾರಿ ಹಿಡಿಯುವುದು ಸಹಜ.

ಮಾರಾಟಗಾರನ ಸ್ಥಿತಿಯನ್ನೂ ಇಲ್ಲಿ ಗಮನಿಸಬೇಕು. ಪೆಟ್ಟಿಗೆ ಅಂಗಡಿಯವನು ಪೊಟ್ಟಣವನ್ನು ಮುದ್ರಿಸುವುದಿಲ್ಲ. ಸಗಟು ವ್ಯಾಪಾರಿ ಕೊಟ್ಟ ಸರಕನ್ನು ಹತ್ತು ಹತ್ತು ಪೊಟ್ಟಣಗಳಂತೆ ಕೊಂಡು ತರುತ್ತಾನೆ. ಎಚ್ಚರಿಕೆಯ ಚಿತ್ರಗಳು ಕಾಲಕಾಲಕ್ಕೆ ಬದಲಾಗುವುದರಿಂದ ಯಾವ ತಿಂಗಳು ತಯಾರಾದ ಪೊಟ್ಟಣದ ಮೇಲೆ ಯಾವ ಚಿತ್ರವಿರಬೇಕೆಂದು ತಿಳಿಯಲು ಅಧಿಕಾರಿಗೇ ಕೈಪಿಡಿ ಬೇಕು. ಅಂಗಡಿಯವನಿಗೆ ತಿಳಿದಿರಬೇಕೆಂದು ನಿರೀಕ್ಷಿಸುವುದು ನ್ಯಾಯವೇ? ಶಾಸನವು ಕಾರ್ಖಾನೆಯನ್ನೂ ಅಂಗಡಿಯನ್ನೂ ಒಂದೇ ಪ್ರಕರಣದಲ್ಲಿ ಶೋಧನೆಗೆ ಒಳಪಡಿಸಿದೆ. ಹಾಗಿದ್ದರೂ ಜೀಪು ನಿಲ್ಲುವುದು ಅಂಗಡಿಯ ಮುಂದೆ. ಪ್ರಸ್ತುತ ಲೇಖಕನ ಅಭಿಪ್ರಾಯದಲ್ಲಿ ಪೊಟ್ಟಣ ಕಾನೂನಿನ ಜಾರಿಗೆ ಸರಿಯಾದ ಸ್ಥಳ ಸಗಟು ಗೋದಾಮು ಮತ್ತು ಪೊಟ್ಟಣ ಕಟ್ಟುವ ಯಂತ್ರ.

ಯಂತ್ರದ ಮಾತು ಉತ್ಪ್ರೇಕ್ಷೆಯಲ್ಲ. ಗುಟ್ಕಾ ಮತ್ತು ಪಾನ್ ಮಸಾಲಾ ತಯಾರಕರಿಂದ ಸುಂಕ ಸೋರಿಹೋಗುತ್ತಿರುವುದನ್ನು ಕಂಡ ಕೇಂದ್ರ ಸರ್ಕಾರ 2008ರ ಜುಲೈಯಿಂದ ಪೊಟ್ಟಣ ಕಟ್ಟುವ ಯಂತ್ರಗಳ ಸಂಖ್ಯೆಯ ಮೇಲೆಯೇ ಸುಂಕ ನಿಗದಿಪಡಿಸಿತು. ಅಧಿಕಾರಿ ಕಾರ್ಖಾನೆಗೆ ಹೋಗಿ ಯಂತ್ರಗಳನ್ನು ಎಣಿಸಬೇಕು, ನಿಲ್ಲಿಸಿದ ಯಂತ್ರಕ್ಕೆ ಮೊಹರು ಹಾಕಬೇಕು. ಆದಾಯಕ್ಕಾಗಿ ಇಂತಹ ವ್ಯವಸ್ಥೆ ಸಾಧ್ಯವಾಯಿತು. ಅದೇ ಯಂತ್ರದಿಂದ ಹೊರಬರುವ ಪೊಟ್ಟಣದ ಮೇಲೆ ಚೇಳಿನ ಚಿತ್ರ ಎಷ್ಟು ದೊಡ್ಡದಿದೆ ಎಂದು ನೋಡುವ ಹೊಣೆ ಪೀಣ್ಯದ ಅಂಗಡಿಯ ಮುಂದೆ ನಿಂತ ತಾಲ್ಲೂಕು ತನಿಖಾ ದಳದ್ದಾಯಿತು.

ಗುಟ್ಕಾದ ಚರಿತ್ರೆಯಲ್ಲಿ ಪೊಟ್ಟಣವು ಇನ್ನೂ ಎರಡು ಬಾರಿ ಕೇಂದ್ರಕ್ಕೆ ಬಂದಿತು. ಪ್ಲಾಸ್ಟಿಕ್ ಪೊಟ್ಟಣಗಳಲ್ಲಿ ಗುಟ್ಕಾ ಮಾರಬಾರದೆಂದು ಸರ್ವೋಚ್ಚ ನ್ಯಾಯಾಲಯ 2010ರ ಡಿಸೆಂಬರ್‌ನಲ್ಲಿ ಆದೇಶಿಸಿ 2011ರ ಮಾರ್ಚ್‌ನಿಂದ ಅದು ಜಾರಿಗೆ ಬಂದಾಗ, ಚರಂಡಿಗಳನ್ನು ಕಟ್ಟಿಸುತ್ತಿದ್ದ ಪೊಟ್ಟಣಗಳ ಹೊಣೆ ಪರಿಸರ ಕಾನೂನಿನ ಅಧಿಕಾರಿಗಳಿಗೂ ಬಂದಿತು. 2013ರ ಮೇ ಕೊನೆಯಲ್ಲಿ ಕರ್ನಾಟಕ ಸರ್ಕಾರವು ಆಹಾರ ಸುರಕ್ಷತಾ ನಿಯಮಗಳ ಆಧಾರದ ಮೇಲೆ ಗುಟ್ಕಾವನ್ನೇ ನಿಷೇಧಿಸಿತು. ಮಲೆನಾಡು ಮತ್ತು ಕರಾವಳಿಯ ಅಡಿಕೆ ಬೆಳೆಗಾರರ ಆತಂಕ ಆಗ ಸಹಜವಾಗಿಯೇ ವ್ಯಕ್ತವಾಯಿತು. ನಿಷೇಧದ ಬಳಿಕ ಮಾರುಕಟ್ಟೆ ಕಂಡುಕೊಂಡ ಉಪಾಯ ಸರಳವಾದುದು. ಒಂದು ಪೊಟ್ಟಣದಲ್ಲಿ ಪಾನ್ ಮಸಾಲಾ, ಜೊತೆಯಲ್ಲಿಯೇ ಇನ್ನೊಂದು ಪುಟ್ಟ ಪೊಟ್ಟಣದಲ್ಲಿ ತಂಬಾಕು. ಬೆರೆಸುವ ಕೆಲಸ ಗಿರಾಕಿಯ ಅಂಗೈಯದು. ಎರಡೂ ಪೊಟ್ಟಣಗಳು ಬಿಡಿಬಿಡಿಯಾಗಿ ಕಾನೂನುಬದ್ಧ. ಮೊದಲನೆಯದನ್ನು ಆಹಾರ ಸುರಕ್ಷತಾ ಅಧಿಕಾರಿ ನೋಡಬೇಕು, ಎರಡನೆಯದರ ಚಿತ್ರವನ್ನು 2003ರ ಶಾಸನದ ಅಧಿಕಾರಿ ನೋಡಬೇಕು.

2014ರ ಅಕ್ಟೋಬರ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು ಎಚ್ಚರಿಕೆಯನ್ನು ಪೊಟ್ಟಣದ ಎರಡೂ ಬದಿಗಳ 85 ಪ್ರತಿಶತಕ್ಕೆ ವಿಸ್ತರಿಸುವ ನಿಯಮ ಪ್ರಕಟಿಸಿತು. ಜಾರಿಯ ದಿನಾಂಕ ಮುಂದೂಡಲ್ಪಟ್ಟು 2016ರ ಏಪ್ರಿಲ್ 1ರಂದು ನಿಯಮ ಕಾರ್ಯರೂಪಕ್ಕೆ ಬಂದಿತು. ದೇಶದ ನಾನಾ ಉಚ್ಚ ನ್ಯಾಯಾಲಯಗಳಲ್ಲಿದ್ದ ದಾವೆಗಳನ್ನೆಲ್ಲ ಸರ್ವೋಚ್ಚ ನ್ಯಾಯಾಲಯವು 2016ರ ಮೇ 4ರಂದು ಕರ್ನಾಟಕ ಉಚ್ಚ ನ್ಯಾಯಾಲಯಕ್ಕೆ ವರ್ಗಾಯಿಸಿತು. ಅಲ್ಲಿಯವರೆಗೆ ನಿಯಮ ಪಾಲನೆಯಾಗಬೇಕೆಂದೂ ಸೂಚಿಸಿತು. ಹೀಗೆ ಇಡೀ ದೇಶದ ಪೊಟ್ಟಣದ ಭವಿಷ್ಯ ಬೆಂಗಳೂರಿನಲ್ಲಿ ನಿರ್ಣಯವಾಗುವ ಸಂದರ್ಭ ಒದಗಿತು. ನ್ಯಾಯಮೂರ್ತಿ ಬಿ. ಎಸ್. ಪಾಟೀಲ ಮತ್ತು ನ್ಯಾಯಮೂರ್ತಿ ಬಿ. ವಿ. ನಾಗರತ್ನ ಅವರ ಪೀಠವು 2017ರ ಡಿಸೆಂಬರ್ 15ರಂದು 85 ಪ್ರತಿಶತದ ನಿಯಮವನ್ನು ಸಂವಿಧಾನಬಾಹಿರವೆಂದು ರದ್ದುಪಡಿಸಿತು. ಹಿಂದಿನ 40 ಪ್ರತಿಶತದ ನಿಯಮ ಉಳಿಯಿತು. 2018ರ ಜನವರಿ 8ರಂದು ಸರ್ವೋಚ್ಚ ನ್ಯಾಯಾಲಯ ಈ ತೀರ್ಪಿಗೆ ತಡೆಯಾಜ್ಞೆ ನೀಡಿತು. ನಡುವೆ ಕಳೆದುವು ಇಪ್ಪತ್ತನಾಲ್ಕು ದಿನಗಳು. ಆ ದಿನಗಳಲ್ಲಿ ಅಧಿಕಾರಿಯೊಬ್ಬ ಎಲೆಕ್ಟ್ರಾನಿಕ್ ಸಿಟಿಯ ಅಂಗಡಿಯೊಂದರಲ್ಲಿ ಸಣ್ಣ ಚಿತ್ರದ ಪೊಟ್ಟಣವನ್ನು ಕಂಡಿದ್ದರೆ ಜಪ್ತಿ ಮಾಡುವುದಕ್ಕೂ ಬಿಡುವುದಕ್ಕೂ ಸಮಾನ ಆಧಾರಗಳಿರುತ್ತಿದ್ದವು. 2018ರ ಸೆಪ್ಟೆಂಬರ್‌ನಿಂದ ಎಚ್ಚರಿಕೆಯೊಡನೆ ವ್ಯಸನಮುಕ್ತಿ ಸಹಾಯವಾಣಿಯ ಸಂಖ್ಯೆಯೂ ಸೇರಿತು. ಅಧಿಕಾರಿಯ ಪರಿಶೀಲನಾ ಪಟ್ಟಿಗೆ ಮತ್ತೊಂದು ಅಂಶ ಹೆಚ್ಚಿತು.

ಭಾಷೆಯ ವಿಷಯ ಕನ್ನಡದ ಸಂಶೋಧಕರಿಗೆ ವಿಶೇಷ ಆಸಕ್ತಿಯದು. ಶಾಸನದ 9ನೆಯ ಪ್ರಕರಣದಂತೆ ಎಚ್ಚರಿಕೆಯ ಭಾಷೆಯು ಪೊಟ್ಟಣದ ಭಾಷೆಯನ್ನು ಅನುಸರಿಸುತ್ತದೆ. ಪೊಟ್ಟಣ ಇಂಗ್ಲಿಷಿನಲ್ಲಿದ್ದರೆ ಎಚ್ಚರಿಕೆಯೂ ಇಂಗ್ಲಿಷ್. ಭಾರತೀಯ ಭಾಷೆಯಲ್ಲಿದ್ದರೆ ಆ ಭಾಷೆ. ಕರಾವಳಿಯ ಬೀಡಿಯ ಕಟ್ಟಿನ ಮೇಲೆ ಕನ್ನಡ ಇದ್ದಲ್ಲಿ ಎಚ್ಚರಿಕೆಗೂ ಕನ್ನಡ ದೊರೆಯುತ್ತದೆ. ಎಲ್ಲಿ ಮಾರಾಟವಾಗುತ್ತದೆ, ಯಾರು ಓದುತ್ತಾರೆ ಎಂಬುದನ್ನು ಕಾನೂನು ಕೇಳುವುದಿಲ್ಲ. ಪೀಣ್ಯದ ಉಡುಪಿನ ಕಾರ್ಖಾನೆಗೆ ತುಮಕೂರು, ರಾಯಚೂರು ಕಡೆಗಳಿಂದ ಬಂದವನೂ ಒಡಿಶಾ, ಬಿಹಾರಗಳಿಂದ ಬಂದವನೂ ಒಂದೇ ಅಂಗಡಿಯ ಗಿರಾಕಿಗಳಾದ ಮೇಲೆ ಅವರಿಬ್ಬರಿಗೂ ಸಮಾನವಾಗಿ ತಲುಪುವುದು ಚಿತ್ರವೊಂದೇ. ಚಿತ್ರದ ಗಾತ್ರಕ್ಕಾಗಿ ನಡೆದ ವ್ಯಾಜ್ಯದ ಮಹತ್ವ ಈ ಹೊರವಲಯಗಳಲ್ಲಿ ಹೆಚ್ಚು ಸ್ಪಷ್ಟವಾಗುತ್ತದೆ.

ಇಷ್ಟಾಗಿಯೂ ಬಿಡಿ ಸಿಗರೇಟು ಕೊಳ್ಳುವವನ ಕೈಗೆ ಪೊಟ್ಟಣವೇ ಬರುವುದಿಲ್ಲ. ಅಂಗಡಿಯವನು ಪೊಟ್ಟಣದ ಬಾಯಿ ತೆರೆದು ಒಂದನ್ನು ತೆಗೆದು ಕೊಡುತ್ತಾನೆ, ದಾರಕ್ಕೆ ಕಟ್ಟಿದ ಲೈಟರು ಪಕ್ಕದಲ್ಲಿಯೇ ತೂಗುತ್ತಿರುತ್ತದೆ. ಎಚ್ಚರಿಕೆಯು ಪೊಟ್ಟಣ ತೆರೆಯುವ ಮೊದಲು ಗ್ರಾಹಕನಿಗೆ ಕಾಣಬೇಕೆಂದು 8ನೆಯ ಪ್ರಕರಣ ಹೇಳುತ್ತದೆ. ಬಿಡಿ ಮಾರಾಟದಲ್ಲಿ ಅದು ಕಾಣುವುದು ಮಾರುವವನಿಗೆ ಮಾತ್ರ. ಈ ತರ್ಕವನ್ನೇ ಆಧರಿಸಿ ಕರ್ನಾಟಕದ ಆರೋಗ್ಯ ಇಲಾಖೆ 2017ರ ಸೆಪ್ಟೆಂಬರ್‌ನಲ್ಲಿ ಬಿಡಿ ಸಿಗರೇಟು, ಬೀಡಿಗಳ ಮಾರಾಟವನ್ನು ನಿಷೇಧಿಸಿ ಆದೇಶ ಹೊರಡಿಸಿತು. ಆದೇಶದ ಆಧಾರ ಪೊಟ್ಟಣದ ಪ್ರಕರಣಗಳೇ ಆಗಿದ್ದುದರಿಂದ ಮೇಲೆ ವಿವರಿಸಿದ ಮಹಜರು, ಜಪ್ತಿ, ನ್ಯಾಯಾಲಯಗಳ ತೊಡಕು ಹಾಗೆಯೇ ಉಳಿಯಿತು. ಒಂದು ಸಿಗರೇಟಿಗಾಗಿ ಅಷ್ಟೆಲ್ಲ ಯಾರು ಮಾಡುತ್ತಾರೆ?

ಕರ್ನಾಟಕ ವಿಧಾನಮಂಡಲವು 2024ರ ಫೆಬ್ರವರಿಯಲ್ಲಿ ಅಂಗೀಕರಿಸಿ, ರಾಷ್ಟ್ರಪತಿಗಳ ಅಂಕಿತ ಪಡೆದು 2025ರ ಮೇ ಕೊನೆಯಲ್ಲಿ ಪ್ರಕಟವಾದ ತಿದ್ದುಪಡಿ ಶಾಸನವು ಪತ್ರಿಕೆಗಳಲ್ಲಿ ಸುದ್ದಿಯಾದುದು ಹುಕ್ಕಾ ಬಾರ್‌ಗಳ ನಿಷೇಧಕ್ಕಾಗಿ, ಖರೀದಿಯ ವಯಸ್ಸನ್ನು 21ಕ್ಕೆ ಏರಿಸಿದುದಕ್ಕಾಗಿ ಮತ್ತು ಸಾರ್ವಜನಿಕ ಧೂಮಪಾನದ ದಂಡವನ್ನು 200ರಿಂದ 1,000 ರೂಪಾಯಿಗೆ ಹೆಚ್ಚಿಸಿದುದಕ್ಕಾಗಿ. ಆಡಳಿತ ಚರಿತ್ರೆಯ ದೃಷ್ಟಿಯಿಂದ ಹೆಚ್ಚು ಮಹತ್ವದ್ದು ಅದರ ಇನ್ನೊಂದು ಅಂಶ. ಬಿಡಿಯಾಗಿ ಸಿಗರೇಟು ಮಾರುವುದರ ನಿಷೇಧವನ್ನು ಅದು 7ನೆಯ ಪ್ರಕರಣಕ್ಕೆ ಸೇರಿಸದೆ 6ನೆಯ ಪ್ರಕರಣದಲ್ಲಿ ಇರಿಸಿದೆ. 6ನೆಯ ಪ್ರಕರಣದ ಅಪರಾಧ ಸ್ಥಳದಲ್ಲಿಯೇ ರಾಜಿಯಾಗಬಲ್ಲದ್ದು; ಅದಕ್ಕೆ ಅಧಿಕೃತರಾಗಬಲ್ಲವರ ವರ್ಗವೂ ವಿಶಾಲವಾದುದು. ಪೊಟ್ಟಣದ ಕಾನೂನಿನಿಂದ ಸಾಧ್ಯವಾಗದ ಕೆಲಸವನ್ನು ಮಾರಾಟದ ಕಾನೂನಿನ ರಸೀದಿ ಪುಸ್ತಕಕ್ಕೆ ವರ್ಗಾಯಿಸಿದಂತಾಯಿತು. ಇದು ಶಾಸನ ರಚನೆಕಾರರ ಉದ್ದೇಶವೇ ಆಗಿದ್ದಿತೋ ಅಲ್ಲವೋ, ಪರಿಣಾಮವಂತೂ ಅದೇ. ಭಾರ ಬೀಳುವುದು ಮಾತ್ರ ಮತ್ತೆ ಪೆಟ್ಟಿಗೆ ಅಂಗಡಿಯವನ ಮೇಲೆ.

ರಸೀದಿ ಹರಿಯುವ ಕೈ ಯಾವ ಸಂಸ್ಥೆಯದು ಎಂಬ ಪ್ರಶ್ನೆಗೆ ಈ ಮೂರು ಪ್ರದೇಶಗಳಲ್ಲಿ ಒಂದೇ ಉತ್ತರ ಎಂದೂ ಇರಲಿಲ್ಲ. 2003ರಲ್ಲಿ ಶಾಸನ ಬಂದಾಗ ಪೀಣ್ಯದ ಬಹುಭಾಗ ದಾಸರಹಳ್ಳಿ ನಗರಸಭೆಯಲ್ಲಿ, ವೈಟ್‌ಫೀಲ್ಡ್ ಮಹದೇವಪುರ ನಗರಸಭೆಯಲ್ಲಿ, ಎಲೆಕ್ಟ್ರಾನಿಕ್ ಸಿಟಿ ಗ್ರಾಮ ಪಂಚಾಯಿತಿಗಳ ವ್ಯಾಪ್ತಿಯಲ್ಲಿ ಇದ್ದವು. 2007ರಲ್ಲಿ ಏಳು ನಗರಸಭೆಗಳು, ಒಂದು ಪುರಸಭೆ ಮತ್ತು 110 ಗ್ರಾಮಗಳನ್ನು ಸೇರಿಸಿಕೊಂಡು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ ಮೊದಲ ಎರಡು ಅದರೊಳಗೆ ಬಂದವು. ನಗರಸಭೆಯ ಆರೋಗ್ಯ ನಿರೀಕ್ಷಕರು ಪಾಲಿಕೆಯ ಆರೋಗ್ಯ ನಿರೀಕ್ಷಕರಾದರು. ಎಲೆಕ್ಟ್ರಾನಿಕ್ ಸಿಟಿಗೆ 2013ರಲ್ಲಿ ಪ್ರತ್ಯೇಕ ಕೈಗಾರಿಕಾ ನಗರ ಪ್ರಾಧಿಕಾರ ದೊರೆಯಿತು. ಗೇಟಿನ ಒಳಗೊಂದು ಆಡಳಿತ, ಗೇಟಿನ ಹೊರಗಿನ ಹಳ್ಳಿಗೆ ಇನ್ನೊಂದು. ಅಂಗಡಿಗಳಿರುವುದು ಹೊರಗೆ. 2025ರಲ್ಲಿ ಗ್ರೇಟರ್ ಬೆಂಗಳೂರು ಆಡಳಿತ ಶಾಸನ ಜಾರಿಗೆ ಬಂದು, ಆ ವರ್ಷದ ಸೆಪ್ಟೆಂಬರ್‌ನಲ್ಲಿ ಬೃಹತ್ ಪಾಲಿಕೆಯ ಸ್ಥಾನದಲ್ಲಿ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದವು. ವೈಟ್‌ಫೀಲ್ಡ್ ಪೂರ್ವ ನಗರ ಪಾಲಿಕೆಗೆ ಸೇರಿತು. ತಿದ್ದುಪಡಿ ಶಾಸನ ಪ್ರಕಟವಾದ ನಾಲ್ಕನೆಯ ತಿಂಗಳಿನಲ್ಲಿಯೇ ಅದನ್ನು ಜಾರಿಗೊಳಿಸಬೇಕಾದ ಸ್ಥಳೀಯ ಅಧಿಕಾರಿಗಳು ಐದು ಪಾಲಿಕೆಗಳ ನಡುವೆ ಹಂಚಿಕೆಯಾಗುತ್ತಿದ್ದರು.